ಎಂಜಿನ್ ಜಗಳ ನಿಂತ ಮೇಲೆ

ನಮ್ಮ ಮನೆಯಲ್ಲಿ ಅಪ್ಪ ಮಗನಿಗೆ ಮಾತು ಇದ್ದದ್ದು ಎಂಜಿನ್ ವಿಷಯಕ್ಕೆ ಮಾತ್ರ. ಅಪ್ಪ ಎಂದರೆ ನನ್ನ ಮಗ, ಲಾರಿ ಓಡಿಸುವವನು. ಮಗ ಎಂದರೆ ನನ್ನ ಮೊಮ್ಮಗ, ಹುಣಸೂರಿನ ಒಂದು ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದವನು. ಮದುವೆ, ಜಮೀನು, ಹೊಗೆಸೊಪ್ಪಿನ ರೇಟು, ಓಟು, ಇಂಥ ಯಾವುದಕ್ಕೂ ಅವರಿಬ್ಬರು ಮುಖ ನೋಡಿಕೊಂಡು ಮಾತಾಡಿದ್ದನ್ನು ನಾನು ಕಾಣೆ. ಹಬ್ಬಕ್ಕೆ ಬಟ್ಟೆ ಬೇಕಾದರೂ ಹುಡುಗ ಅವನ ಅವ್ವನಿಗೆ ಹೇಳುವುದು, ಅವಳು ಗಂಡನಿಗೆ ಹೇಳುವುದು. ಎಂಜಿನ್ ಸುದ್ದಿ ಬಂದರೆ ಇಬ್ಬರಿಗೂ ಬಾಯಿ ಬರುತ್ತಿತ್ತು. ಬಂದ ಬಾಯನ್ನು ಮುಚ್ಚಿಸಲು ನಾನೇ ಏಳಬೇಕಾಗುತ್ತಿತ್ತು.

ನಮ್ಮದು ಹಾರನಹಳ್ಳಿ ಕಡೆಯ ಊರು. ಸಂಜೆ ಹುಡುಗ ಬೈಕ್ ನಿಲ್ಲಿಸಿ ಕೈಕಾಲು ತೊಳೆದು ಜಗಲಿ ಮೇಲೆ ಕುಳಿತು, ಗ್ಯಾರೇಜಿಗೆ ಬರುವ ರೇಸ್ ಕಾರಿನ ಸುದ್ದಿ ತೆಗೆದರೆ ಶುರು.

"ಎಂಜಿನ್ನ ನಿಮಿಷುಕ್ಕೆ ಎಂಟು ಸಾವ್ರ ಸುತ್ತು ತಿರುಗುಸ್ತೀನಿ ಅಂತೀಯಲ್ಲ, ಅಷ್ಟು ತಿರ್ಗಿ ಏನ್ ಕಡ್ದು ಗುಡ್ಡೆ ಆಕ್ತದ್ಲಾ ಅದು?" ಎನ್ನುವನು ನನ್ನ ಮಗ.

"ಗುಡ್ಡೆ ಆಕಕ್ಕಲ್ಲ ಕಣಪ್ಪ ಅದಿರೋದು. ಓಡಕ್ಕೆ."

"ನಮ್ ಗಾಡಿ ಒಂದೂವರೆ ಸಾವ್ರದಲ್ಲೇ ಹತ್ತು ಟನ್ ಎಳ್ಕಂಡು ಓಯ್ತದೆ. ಟರ್ಬೊ ಅಂದ್ರೆ ಸುಮ್ನೆಯಾ?"

"ನಿನ್ ಟರ್ಬೊ ಎದ್ದು ಮಕ ತೊಳ್ಕಳೊ ಒತ್ಗೆ ನಮ್ ಕಾರು ಎಲ್ಡು ತಿರುವು ದಾಟಿರ್ತದೆ. ಕಾಲಿಟ್ಟೇಟ್ಗೆ ಬರ್ಬೇಕು. ರೇಸಲ್ಲಿ ಕಾಲಿಟ್ಟು ಕಾಯ್ಕಂಡು ಕೂರಾಂಗಿಲ್ಲ."

"ಏಳೋದು ತಡವೇಯ. ಎದ್ದ ಮ್ಯಾಲೆ ನೋಡು, ಎಂಗೆ ನುಗ್ತದೆ ಅಂತ."

"ಎದ್ದ ಮ್ಯಾಲೆ ಓಗಿ ಗದ್ದೆ ಬದಕ್ಕೆ ಗುದ್ತದೆ."

ಒಳಗಿನಿಂದ ಸೊಸೆ, "ಇವ್ರಿಬ್ರುಗೂ ಒಂದೊಂದು ಎಂಜಿನ್ ತಂದು ಮದ್ವೆ ಮಾಡ್ಬೇಕಿತ್ತು" ಎನ್ನುತ್ತಿದ್ದಳು.

ಟರ್ಬೊ ಎಂದರೇನು ಎಂದು ನಾನೊಮ್ಮೆ ಕೇಳಿದೆ. ಹುಡುಗ ಬಂದು ಪಕ್ಕದಲ್ಲಿ ಕುಳಿತು ಹೇಳಿದ: ಎಂಜಿನ್ ಬಿಡುವ ಹೊಗೆ ಆಚೆ ಹೋಗುವಾಗ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಒಳಕ್ಕೆ ಗಾಳಿ ನೂಕುತ್ತದೆ. ಅಂದರೆ ತನ್ನ ಹೊಗೆಯಿಂದ ತನ್ನ ಒಲೆಯನ್ನೇ ಊದಿಕೊಳ್ಳುವ ಊದುಗೊಳವೆ. ಹಾಗಾದರೆ ಸೌದೆಯೂ ಬೇಗ ಮುಗಿಯುತ್ತದಲ್ಲ ಎಂದೆ. ಹುಡುಗ ತೊಡೆ ತಟ್ಟಿ ನಕ್ಕು, "ಕೇಳುಸ್ಕಂಡ್ಯಾ ಅಪ್ಪ? ಅಜ್ಜಿ ನನ್ ಪಾರ್ಟಿ" ಎಂದ. "ಅವ್ವ ಲಾರಿ ಓಡ್ಸವ್ಳಾ?" ಎಂದ ನನ್ನ ಮಗ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎಂಜಿನ್ನಿನ ಹೆಚ್ಚಿನದೆಲ್ಲ ನನಗೆ ಬಂದದ್ದು ಈ ಜಗಳದಿಂದಲೇ.

ಆಗ ನಮ್ಮಲ್ಲಿ ಇದ್ದದ್ದು ಹಳೆಯ ಲಾರಿ. ಇನ್ನೊಬ್ಬರು ಓಡಿಸಿ ಸವೆಸಿದ್ದನ್ನು ನನ್ನ ಮಗ ಕೊಂಡಿದ್ದ. ಬ್ಯಾರನ್ನಿನ ಬಿಸಿ ಗೂಡಿನಲ್ಲಿ ಬೇಯಿಸಿದ ಹೊಗೆಸೊಪ್ಪನ್ನು ಬೇಲು ಕಟ್ಟಿ ಹರಾಜಿನ ಕಟ್ಟೆಗೆ ಒಯ್ಯುವುದು, ಎಚ್.ಡಿ. ಕೋಟೆ ಕಡೆಯಿಂದ ಶುಂಠಿ ತುಂಬುವುದು, ಏನೂ ಇಲ್ಲದಾಗ ಸಗಣಿ ಗೊಬ್ಬರವನ್ನು ಕೊಡಗಿನ ಕಾಫಿ ತೋಟಗಳಿಗೆ ಹೊಡೆಯುವುದು. ವಾರವೆಲ್ಲ ದುಡಿದು ಭಾನುವಾರ ಅದು ಮನೆ ಮುಂದಿನ ಹುಣಸೆ ಮರದಡಿ ಮಲಗುತ್ತಿತ್ತು. ಅಪ್ಪ ಸ್ಟೇರಿಂಗ್ ಹಿಡಿದು ಮೇಲೆ, ಮಗ ಗೋಣಿಚೀಲ ಹಾಸಿಕೊಂಡು ಕೆಳಗೆ. "ಈಗ?" "ಇನ್ನೊಸಿ ಕೊಡು." "ಈಗ?" "ಬುಡು, ಬುಡು!" ಹುಡುಗ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುತ್ತಿದ್ದ. ಹಾಗೇ ಅಪ್ಪನ ಕಿವಿಗೂ ಇಡುತ್ತಿದ್ದ. ಊಟಕ್ಕೆ ಕರೆದರೆ ಇಬ್ಬರೂ ಬರುತ್ತಿರಲಿಲ್ಲ. ನಾನು ಬೈದು ಮುದ್ದೆಯನ್ನು ಅಲ್ಲಿಗೇ ಕೊಟ್ಟು ಬರುತ್ತಿದ್ದೆ. ಬೈಗುಳದಲ್ಲಿ ನಾನೇನೂ ಕಡಿಮೆ ಮಾಡಿದವಳಲ್ಲ. ಈಗ ಅನ್ನಿಸುತ್ತದೆ, ಇನ್ನೊಂದು ಗಳಿಗೆ ಮುದ್ದೆ ಆರಿದ್ದರೆ ಏನಾಗುತ್ತಿತ್ತು?

ಗ್ಯಾರೇಜಿಗೆ ಗೋಣಿಕೊಪ್ಪದ ಕಡೆಯ ಒಬ್ಬ ತೋಟದ ಮಾಲೀಕರು ಕಾರು ತರುತ್ತಿದ್ದರು. ಕೊಡವರು, ಕಾರ್ ರೇಸಿನ ಹುಚ್ಚಿನವರು. ಅಲ್ಲಿ ಭತ್ತ ಕೊಯ್ದಾದ ಮೇಲೆ ಒಣಗಿದ ಗದ್ದೆಗಳಲ್ಲಿ ದಾರಿ ಗುರುತು ಹಾಕಿ ಕಾರು ಓಡಿಸುತ್ತಾರೆ. ಅವರ ಕಾರಿನ ಎಂಜಿನ್ ಪೂರ್ತಿ ಬಿಚ್ಚಿ, ಕ್ಯಾಮ್ ಬದಲಿಸಿ, ಇನ್ನೇನೇನೋ ಉಜ್ಜಿ ನುಣುಪು ಮಾಡಿ ಮತ್ತೆ ಕೂಡಿಸಿದವನು ನಮ್ಮ ಹುಡುಗ. ಟರ್ಬೊ ಇಲ್ಲದ ಎಂಜಿನ್ನು, ಅದೇ ಅವನ ಹಟ.

ರೇಸಿನ ದಿನ ನನ್ನ ಮಗನಿಗೆ ಆ ಕಡೆಗೇ ಗೊಬ್ಬರದ ಬಾಡಿಗೆ ಸಿಕ್ಕಿತ್ತು. ಸಿಕ್ಕಿತ್ತೋ, ಕೇಳಿ ಪಡೆದನೋ, ನಾನು ಕೇಳಲಿಲ್ಲ. ನಾನೂ ಹತ್ತಿ ಕುಳಿತೆ. ಗೊಬ್ಬರ ಇಳಿಸಿ, ಗದ್ದೆ ಬಯಲಿನ ಪಕ್ಕ ಲಾರಿ ನಿಲ್ಲಿಸಿದರೆ ಕಪ್ಪು ಕನ್ನಡಕ ಹಾಕಿದ್ದ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡು ಆಚೆ ಸರಿದರು. ನಮಗೆ ಒಳ್ಳೆಯ ಜಾಗವಾಯಿತು.

ಧೂಳಲ್ಲದೆ ನನಗೇನೂ ಕಾಣಲಿಲ್ಲ. ಸದ್ದು ಮಾತ್ರ ಕೇಳಿತು, ಹಂಚಿನ ಮನೆ ಮೇಲೆ ಕಲ್ಲು ಸುರಿದ ಹಾಗೆ. ನನ್ನ ಮಗ ಬಾನೆಟ್ಟಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದ. ನೋಡುವುದಕ್ಕೆ ಬಂದು ಕಣ್ಣು ಮುಚ್ಚುವವನನ್ನು ನಾನು ಅವನೊಬ್ಬನನ್ನೇ ಕಂಡದ್ದು. ಆ ಕಾರು ಎರಡನೇ ಸುತ್ತಿಗೆ ಬಂದಾಗ ಪಕ್ಕದಲ್ಲಿದ್ದ ಯಾರೋ ಅಪರಿಚಿತನಿಗೆ, "ಅದ್ರ ಎಂಜಿನ್ ಕಟ್ಟಿರೋನು ನಮ್ಮುಡ್ಗ ಕಣ್ರೀ" ಎಂದ. ಹುಡುಗ ಹತ್ತಿರ ಬಂದಾಗ ಆ ಮಾತು ಇಲ್ಲ.

"ಮೂರ್ನೇ ಗೇರಲ್ಲಿ ಒಸಿ ಕೆಮ್ತದಲ್ಲೋ" ಎಂದ.

"ಕೇಳುಸ್ತಾ ನಿಂಗೆ?" ಎಂದು ಹುಡುಗ ಮುಖ ಅರಳಿಸಿದ. ಮೆಚ್ಚಿದ್ದರೂ ಅಷ್ಟು ಅರಳುತ್ತಿರಲಿಲ್ಲವೇನೋ.

ಆ ಮಾಲೀಕರು ಬಂದು ನನಗೂ ಕೈಮುಗಿದರು. "ಅಜ್ಜಿ, ನಿಮ್ಮ ಮೊಮ್ಮಗನನ್ನು ನಮಗೆ ಕೊಡಿ. ರೇಸ್ ಗಾಡಿಗಳಿಗೇ ಒಂದು ಶೆಡ್ ಕಟ್ಟಿಸಿದ್ದೇನೆ. ಎಂಜಿನ್ ಕೆಲಸ ಎಲ್ಲ ಇವನ ಕೈಯಲ್ಲೇ ಇರಲಿ. ಯುಗಾದಿ ಕಳೆದು ಬರಲಿ, ಅಲ್ವಾ?" ಎಂದರು. ನಾನು ನನ್ನ ಮಗನ ಮುಖ ನೋಡಿದೆ. ಅವನು, "ನೋಡವ ಸಾ" ಎಂದ. ವಾಪಸು ಬರುವಾಗ ಪಿರಿಯಾಪಟ್ಟಣದ ಹತ್ತಿರ, "ಎಷ್ಟಾದ್ರೂ ಇನ್ನೊಬ್ರ ಶೆಡ್ಡು ಕಣವ್ವ. ಆಳೇಯ" ಎಂದ.

"ಅವ್ನು ಏನಂತಾನೆ ಕೇಳು" ಎಂದೆ.

"ಅವ್ನೇನಂದಾನು? ವಯಸ್ಸು."

ಹುಡುಗ ಏನನ್ನುತ್ತಾನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಸಾಮಾನು ತುಂಬಲು ತಗಡಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದ. ಅಪ್ಪನಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಎಂಜಿನ್ ಬಗ್ಗೆ ಅಷ್ಟು ಜಗಳವಾಡುವವನಿಗೆ ತನ್ನ ಬಗ್ಗೆ ಒಂದು ಮಾತು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಅಪ್ಪನದೇ ರಕ್ತ.

ಅಷ್ಟರಲ್ಲಿ ಹಳೆಯ ಲಾರಿಗೆ ಎಫ್‌ಸಿ, ಅಂದರೆ ರಸ್ತೆಗೆ ಇಳಿಯಲು ಸರ್ಕಾರದ ಸರ್ಟಿಫಿಕೇಟು, ಮಾಡಿಸುವುದು ಕಷ್ಟವಾಯಿತು. ವಯಸ್ಸಾದ ಗಾಡಿ, ಪ್ರತಿ ಸಲವೂ ಒಂದೊಂದು ತಕರಾರು. ಶುಂಠಿ ವ್ಯಾಪಾರಿಗಳೂ ಅದನ್ನು ನಂಬಿ ಕೇರಳಕ್ಕೆ ಲೋಡು ಕೊಡದಾದರು. ನನ್ನ ಮಗ ಹೊಸ ಲಾರಿಯ ಆಸೆ ಹಿಡಿದ. ತಪ್ಪೇನೂ ಅಲ್ಲ, ದುಡಿಯುವವನಿಗೆ ಎತ್ತು ಬೇಕು. ಅವನ ಲೆಕ್ಕದಲ್ಲಿ ಅದು ಒಬ್ಬನ ಲಾರಿಯೂ ಅಲ್ಲ. ಅಪ್ಪ ಮಗ ಇಬ್ಬರೂ ಓಡಿಸುವುದು, ದಾರಿಯುದ್ದಕ್ಕೂ ಜಗಳವಾಡಿಕೊಂಡು. ಹಾಗೆಂದು ಅವನು ಹೇಳಲಿಲ್ಲ. ಹೊಸ ಗಾಡಿಯ ಸುದ್ದಿ ಹೇಳುವಾಗ ಅವನ ಬಾಯಲ್ಲಿ "ನಾವು" ಎಂದು ಬರುತ್ತಿತ್ತು.

ಫೈನಾನ್ಸಿನವರ ಕಡೆಯ ಒಬ್ಬ ಮನೆಗೆ ಬಂದ. ಮಜ್ಜಿಗೆ ಕುಡಿದು, ನನ್ನ ಮಗನ ಆಧಾರ್ ನೋಡಿ ತುಟಿ ಕಚ್ಚಿದ. "ಅಣ್ಣಾ, ನಿಮ್ಮ ವಯಸ್ಸಿಗೆ ಕಂತು ಕಡಿಮೆ ವರ್ಷಕ್ಕೆ ಕೊಡ್ತಾರೆ, ತಿಂಗಳಿಗೆ ಭಾರ ಆಗುತ್ತೆ. ಮಗನ ಹೆಸರಲ್ಲಿ ಮಾಡ್ಸಿ. ಅಜ್ಜಿ ಜಮೀನಿನ ಪತ್ರ ಇಟ್ಟು ಜಾಮೀನು ಹಾಕ್ಲಿ. ಹಳೇ ಗಾಡಿ ಮಾರಿದ ದುಡ್ಡು ಮುಂಗಡಕ್ಕೆ ಸರಿ ಹೋಗುತ್ತೆ" ಎಂದ. ಹೆಸರು ಹುಡುಗನದಾದರೆ ಕಂತು ಹುಡುಗನ ತಲೆಗೆ. ಕಂತು ತೀರುವ ತನಕ ಗೋಣಿಕೊಪ್ಪದ ಮಾತಿಲ್ಲ. ಅದು ಜಗಲಿ ಮೇಲಿದ್ದ ಎಲ್ಲರಿಗೂ ತಿಳಿಯಿತು. ಹುಡುಗ ಎದ್ದು ಬೈಕ್ ಒರೆಸಲು ಹೋದ.

ನನ್ನ ಮಗ ಅವನನ್ನು ಕರೆದು ಕೇಳಬೇಕಿತ್ತು. ಕೇಳಲಿಲ್ಲ. "ದೇವ್ರನ್ನ ಕೇಳವ" ಎಂದ.

ನಮ್ಮ ಮನೆದೇವರು ಇರುವುದು ಸಾಲಿಗ್ರಾಮದ ಹತ್ತಿರ. ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಅಲ್ಲಿ ಹೂ ಕೇಳುವುದು ನಮ್ಮವರ ರೂಢಿ. ಪೂಜಾರಿ ಲಿಂಗಕ್ಕೆ ನೀರು ಹಾಕಿ, ಒದ್ದೆ ಕಲ್ಲಿಗೆ ಹೂವಿನ ಎಸಳು ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ನಾಲ್ವರೂ ಹೋದೆವು. ನನ್ನ ಮಗ ಮೊದಲು ತನ್ನ ಹೆಸರಿನಲ್ಲಿ ಕೇಳಿಸಿದ. ಕಾದೆವು. ಹೂ ಎಡಕ್ಕೆ ಬಿತ್ತು. ಅಲ್ಲಿಗೇ ಕೈಮುಗಿದು ಬಂದಿದ್ದರೆ ಆಗುತ್ತಿತ್ತು. ಪೂಜಾರಿಯೇ, "ಮಗುನ್ ಎಸ್ರಲ್ಲಿ ಇನ್ನೊಂದಪ ಕೇಳ್ಬುಡಿ" ಎಂದ. ಕೇಳಿಸಿದರು. ಮಾತು ಮುಗಿಯುವ ಮುಂಚೆಯೇ ಹೂ ಬಲಕ್ಕೆ ಬಿತ್ತು. ಸೊಸೆ ಕಣ್ಣಿಗೆ ಸೆರಗು ಒತ್ತಿಕೊಂಡಳು. ಫೈನಾನ್ಸಿನವನು ಹೇಳಿದ್ದನ್ನೇ ದೇವರೂ ಹೇಳಿದ ಎಂದು ನನ್ನ ಮಗನಿಗೆ ಹಿಗ್ಗು.

"ಏನ್ಲಾ ಅಂತೀಯ?" ಎಂದು ಆಗ ಕೇಳಿದ. ಆಗ ಕೇಳಿದರೆ ಯಾರು ಏನು ಹೇಳುತ್ತಾರೆ?

"ದೇವ್ರೇ ಕೊಟ್ಟದಲ್ಲಪ್ಪ" ಎಂದ ಹುಡುಗ.

ಒದ್ದೆ ಕಲ್ಲಿಗೆ ಅಂಟಿಸಿದ ಹೂ ಒಂದಲ್ಲ ಒಂದು ಕಡೆ ಬೀಳಲೇಬೇಕು. ಒಣಗಿದರೆ ಬೀಳುತ್ತದೆ, ನೀರು ಜಾಸ್ತಿಯಾದರೆ ಬೇಗ ಬೀಳುತ್ತದೆ. ನಾನು ದೇವರಿಗೆ ಬೆನ್ನು ಹಾಕಿದವಳಲ್ಲ, ಸೋಮವಾರ ಈಗಲೂ ಒಪ್ಪತ್ತು. ಆದರೂ ಆ ಹೂವಿಗೆ ಕಾರಿನ ಶೆಡ್ಡು ಗೊತ್ತಿತ್ತು, ತಗಡಿನ ಪೆಟ್ಟಿಗೆ ಗೊತ್ತಿತ್ತು ಎಂದು ನಂಬಲು ನನ್ನಿಂದ ಆಗುವುದಿಲ್ಲ. ಅಪ್ಪ ಹೇಳಿದ್ದರೆ ಹುಡುಗ ಜಗಳವಾಡುತ್ತಿದ್ದ. ಫೈನಾನ್ಸಿನವನ ಜೊತೆಗೂ ಆಡುತ್ತಿದ್ದ. ಹೂವಿನ ಜೊತೆ ಹೇಗೆ ಆಡುತ್ತಾನೆ?

ಹುಣಸೂರಿನ ಆಫೀಸಿನಲ್ಲಿ ಸಹಿಗೆ ಕುಳಿತೆವು. ಅಲ್ಲಿಯ ಹುಡುಗಿ ಇಂಕಿನ ಪ್ಯಾಡು ನನ್ನ ಮುಂದಿಟ್ಟು, "ಹೆಬ್ಬೆಟ್ಟಾ ಅಜ್ಜಿ?" ಎಂದಳು. "ಬರೀತೀನಿ ಕಣವ್ವ, ತಡೀ" ಎಂದೆ. ನಾನು ಒಂದು ಹೆಸರು ಬರೆಯುವಷ್ಟರಲ್ಲಿ ಮೊಮ್ಮಗ ಹಾಳೆ ಮೇಲೆ ಹಾಳೆ ತಿರುವಿ ಗೀಚಿ ಮುಗಿಸಿದ್ದ. ಒಂದನ್ನೂ ಓದಲಿಲ್ಲ. ಕಾರಿನ ಎಂಜಿನ್ನಿನ ಪುಸ್ತಕವಾದರೆ ಇಂಗ್ಲಿಷಿನಲ್ಲಿದ್ದರೂ ಬೆರಳಿಟ್ಟು ಓದುತ್ತಿದ್ದ.

ಹಳೆಯ ಲಾರಿಯನ್ನು ಕೆ.ಆರ್. ನಗರದ ಕಡೆಯವನೊಬ್ಬ ಕಬ್ಬು ಹೊಡೆಯಲು ಕೊಂಡ. ಹುಡುಗ ಅವನಿಗೆ ಹೆಣ್ಣು ಒಪ್ಪಿಸಿಕೊಡುವ ಹಾಗೆ ಒಂದೊಂದೇ ಹೇಳಿದ. ಬೆಳಿಗ್ಗೆ ಎದ್ದ ಕೂಡಲೇ ಓಡಿಸಬೇಡಿ, ಒಂದು ಗಳಿಗೆ ಬಿಡಿ. ಎರಡನೇ ಗೇರಿಗೆ ಜೋರು ಮಾಡಬೇಡಿ. ಕೊಂಡವನು, "ಗೊತ್ತು ಬುಡಪ್ಪ, ನಾವೂ ಲಾರಿ ಕಂಡಿದೀವಿ" ಎಂದು ಹೊರಟೇಬಿಟ್ಟ. ಎರಡನೇ ಗೇರಿನಲ್ಲೇ ಕರ್ರೋ ಎಂದಿತು.

ಹೊಸದು ಬಂತು. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಕುಂಬಳಕಾಯಿ, ಊರವರಿಗೆಲ್ಲ ಪುಳಿಯೋಗರೆ. ಕಂಪನಿಯಿಂದ ಬಂದವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ: ಹೊರಗಿನವರು ಯಾರೂ ಎಂಜಿನ್ ಬಿಚ್ಚಬಾರದು, ಬಿಚ್ಚಿದರೆ ವಾರಂಟಿ ಹೋಯಿತು. ದೀಪ ಬಂದರೆ ಫೋನ್ ಮಾಡಿ, ಲ್ಯಾಪ್‌ಟಾಪ್ ತರುತ್ತೇವೆ. ಡೀಸೆಲ್ ಅಲ್ಲದೆ ಇನ್ನೊಂದು ಟ್ಯಾಂಕಿಗೆ ಯೂರಿಯಾದ ನೀರನ್ನೂ ತುಂಬಬೇಕಂತೆ, ಹೊಗೆ ಶುದ್ಧವಾಗಲು. "ಪೈರ್ಗೇ ಯೂರಿಯಾ ಸಿಕ್ತಿಲ್ಲ, ಇದ್ಕೆಲ್ಲಿ ತರದಪ್ಪ?" ಎಂದೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಕ್ಕು, ಸ್ಪ್ಯಾನರಿನ ಚೀಲವನ್ನು ಸೀಟಿನ ಹಿಂದೆ ಇಡಲು ಹೋದವನು, ನಿಂತು ಯೋಚಿಸಿ, ಒಳಗೆ ತಂದು ರಾಗಿ ಮೂಟೆಯ ಪಕ್ಕ ಇಟ್ಟ.

ಭಾನುವಾರ ಈಗ ಹುಣಸೆ ಮರದಡಿ ಕೆಲಸವಿಲ್ಲ. ಲಾರಿ ತೊಳೆಯುವುದು, ಅಷ್ಟೇ. ಮುದ್ದೆಗೆ ಕರೆದರೆ ಇಬ್ಬರೂ ತಕ್ಷಣ ಬಂದು ಕುಳಿತುಕೊಳ್ಳುತ್ತಾರೆ. ಹುಡುಗ ಚೆನ್ನಾಗಿಯೇ ಓಡಿಸುತ್ತಾನೆ. ಕಂತು ಒಂದೂ ತಪ್ಪಿಲ್ಲ. ಕುಡಿಯುವುದಿಲ್ಲ, ಎದುರಾಡುವುದಿಲ್ಲ. ಊರಲ್ಲಿ ಎಲ್ಲರೂ ನನ್ನ ಮಗನಿಗೆ ಪುಣ್ಯವಂತ ಎನ್ನುತ್ತಾರೆ.

ಸರಗೂರಿನಲ್ಲಿ ನನ್ನ ಮಗಳ ಮನೆಗೆ ಹೋಗಲು ಒಂದು ದಿನ ಲಾರಿಯಲ್ಲೇ ಹೊರಟೆ. ಇಬ್ಬರ ನಡುವೆ ಕುಳಿತಿದ್ದೆ. ಎಚ್.ಡಿ. ಕೋಟೆ ದಾಟಿದ ಮೇಲೆ ಹಳದಿ ದೀಪ ಹತ್ತಿಕೊಂಡಿತು. ಎಂಜಿನ್ ಕೆಡಲಿಲ್ಲ, ನಿಲ್ಲಲೂ ಇಲ್ಲ, ಜ್ವರ ಬಂದವರ ಹಾಗೆ ಕಾಲೆಳೆಯತೊಡಗಿತು. ಹುಡುಗ ಪಕ್ಕಕ್ಕೆ ನಿಲ್ಲಿಸಿ, ಫೋನ್ ಮಾಡಿ, ಮರದ ನೆರಳಿಗೆ ಹೋಗಿ ಕುಳಿತ.

"ತೆಗ್ದು ನೋಡ್ಲಾ ಒಂದಪ" ಎಂದ ಅವನ ಅಪ್ಪ.

"ಮುಟ್ಟಾಂಗಿಲ್ಲ ಕಣಪ್ಪ."

"ಯಾರ್ ನೋಡ್ತಾರೆ ಇಲ್ಲಿ?"

"ಅದ್ರೊಳ್ಗೇ ಬರ್ಕೊಳ್ತದೆ, ಯಾವಾಗ ಬಿಚ್ಚುದ್ರು ಅಂತ. ಬರ್ತಾರೆ ಬುಡು."

ನನ್ನ ಮಗ ಲಾರಿಯ ಸುತ್ತ ಒಮ್ಮೆ ತಿರುಗಿ ಬಂದು, ಕಿವಿ ಕೊಟ್ಟು, ಏನೂ ಕೇಳಿಸದೆ, ಹುಡುಗನ ಪಕ್ಕ ಕುಳಿತ. ನೆಲದ ಕಡ್ಡಿ ಆರಿಸುತ್ತ, "ಏನೇ ಅನ್ಲಾ, ಟರ್ಬೊ ಗಾಡಿ ಗಾಡಿಯೇಯ. ನಿನ್ ರೇಸ್ ಎಂಜಿನ್ ಇಂತಾ ಲೋಡು ಎಳೀತಿತ್ತಾ?" ಎಂದ.

ಬೇಕೆಂದೇ ಕೆಣಕಿದ್ದು. ನನಗೂ ಗೊತ್ತಾಯಿತು. ಈಗ ಬೀಳುತ್ತದೆ ಮಾತು ಎಂದು ನಾನೂ ಕಾದೆ.

"ಊಂ ಕಣಪ್ಪ. ಟರ್ಬೊನೇ ಒಳ್ಳೇದು" ಎಂದ ಹುಡುಗ. ಫೋನ್ ನೋಡುತ್ತ ಹೇಳಿದ. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನನ್ನ ಮಗ ಕಡ್ಡಿ ಎಸೆದು ಎದ್ದ. ರಸ್ತೆ ದಾಟಿ, ಹತ್ತಿ ಹೊಲದ ಬದುವಿನ ಮೇಲೆ ನಿಂತು ಬಹಳ ಹೊತ್ತು ಆ ಕಡೆ ಮುಖ ಮಾಡಿದ್ದ. ಲ್ಯಾಪ್‌ಟಾಪಿನವನು ಬಂದು, ಒಂದು ವೈರು ಚುಚ್ಚಿ, ಚಹಾ ಕುಡಿಯುವಷ್ಟರಲ್ಲಿ ದೀಪ ಆರಿಸಿ ಹೋದ. ಕೈಗೆ ಒಂದು ಹನಿ ಎಣ್ಣೆ ಅಂಟಿರಲಿಲ್ಲ.

ಈ ಸಲ ಕೊಡಗಿನಲ್ಲಿ ಕೊಯ್ಲು ಮುಗಿದ ಮೇಲೆ, ಹುಡುಗ ಕೇರಳಕ್ಕೆ ಶುಂಠಿ ಹೊಡೆಯಲು ಹೋಗಿದ್ದಾಗ, ನನ್ನ ಮಗ ಬೆಳಿಗ್ಗೆ ಬಿಳಿ ಶರ್ಟು ಹಾಕಿ ಬಸ್ಸು ಹತ್ತಿದ. ಎಲ್ಲಿಗೆ ಎಂದರೆ ಹೇಳಲಿಲ್ಲ. ಮಧ್ಯಾಹ್ನ ದಾಟಿ ಬಂದು ಹಿತ್ತಿಲ ಕಲ್ಲಿನ ಮೇಲೆ ಕುಳಿತ. ಸೊಸೆ ನೀರಿಗೆ ಹೋಗಿದ್ದಳು.

"ಗೋಣಿಕೊಪ್ಪಕ್ಕೆ ಓಗಿದ್ದೆ ಕಣವ್ವ" ಎಂದ. "ಲಾರಿಗೆ ಡ್ರೈವರ್ ಮಡಿಕ್ಕತೀನಿ, ಕಂತು ನಾನ್ ನೋಡ್ಕತೀನಿ, ಉಡ್ಗನ್ನ ಕರ್ಕಳಿ ಸಾ ಅಂದೆ."

"ಏನಂದ್ರು?"

"ಬೇರೆ ಉಡ್ಗ ಬಂದವ್ನಂತೆ, ಕೊಯಮತ್ತೂರಿಂದ. ಒಳ್ಳೆ ಕೆಲ್ಸ್‌ಗಾರ. ಅಲ್ಲೇ ಇದ್ದ, ನೋಡ್ದೆ. ಕಾಪಿ ಕೊಟ್ರು, ಕುಡ್ದು ಬಂದೆ."

ಮೊದಲೇ ಹೇಳಿದ್ದೆನಲ್ಲ ಎನ್ನಬಹುದಿತ್ತು. ಅರವತ್ತಕ್ಕೆ ಬಂದ ಮಗ ನನ್ನ ಮುಂದೆ ತಲೆ ತಗ್ಗಿಸಿ ಕುಳಿತಿದ್ದಾಗ ಅದು ಬಾಯಿಗೆ ಬರಲಿಲ್ಲ.

"ಅವ್ನಿಗೆ ಏಳ್ಬ್ಯಾಡ" ಎಂದ.

ಮಾರನೆಯ ದಿನ ಹುಡುಗ ಬಂದ. ಊಟಕ್ಕೆ ಕುಳಿತಾಗ ಅವನ ಅವ್ವ, ನಿನ್ನೆ ನಿಮ್ಮಪ್ಪ ಬಿಳಿ ಶರ್ಟು ಹಾಕಿಕೊಂಡು ಎಲ್ಲೋ ಹೋಗಿದ್ದರು ಎಂದು ನಗೆಯಾಡಿದಳು.

"ಎಲ್ಗೋಗಿದ್ದೆ ಅಪ್ಪ?"

"ಲೋಡ್ ಕೇಳಕ್ಕೆ ಕಣ್ಲಾ. ಸಿಗ್ನಿಲ್ಲ."

"ಸಿಗ್ದಿದ್ರೆ ಬುಡು. ಸರಗೂರಲ್ಲಿ ಒಬ್ರು ಕೇಳ್ತಾವ್ರೆ, ನಾಳೀಕ್ ಓಗ್ಬುಡವ" ಎಂದು ಹುಡುಗ ಸಾರಿಗೆ ತಟ್ಟೆ ನೀಡಿದ. ಅಪ್ಪ ಊಂ ಎಂದ. ನಾನು ಇಬ್ಬರಿಗೂ ಸಾರು ಬಿಟ್ಟೆ.